ಒಂದೇ ಕಾಂಪೌಂಡು, ಮೂರು ಸಾಲು

ನಮ್ಮ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಆಗಸ್ಟ್ 15ಕ್ಕೋ ನವೆಂಬರ್ 1ಕ್ಕೋ ಅತಿಥಿಗಳು ಭಾಷಣಕ್ಕೆ ನಿಂತರೆ ‘ವಿವಿಧತೆಯಲ್ಲಿ ಏಕತೆ’ ಎಂಬ ಮಾತು ಬಂದೇ ಬರುತ್ತದೆ. ಎದುರಿಗೆ ಕೂತವರನ್ನು ನೋಡಿದರೆ ಆ ಮಾತು ಸುಳ್ಳೆನ್ನಲು ಆಗುವುದಿಲ್ಲ. ಉರ್ದು, ತಮಿಳು, ತೆಲುಗು, ಕನ್ನಡ, ಹಿಂದಿ ಮಾತಾಡುವ ಮನೆಗಳ ಮಕ್ಕಳು ಒಂದೇ ಅಂಗಳದಲ್ಲಿ ಕೂತಿರುತ್ತಾರೆ. ಆದರೆ ಅವರು ಕೂತ ಸಾಲುಗಳನ್ನು ಇನ್ನೊಮ್ಮೆ ನೋಡಿ. ಒಂದು ಸಾಲು ಉರ್ದು ಮೀಡಿಯಂ, ಒಂದು ತಮಿಳು ಮೀಡಿಯಂ, ಒಂದು ಕನ್ನಡ ಮೀಡಿಯಂ. ಭಾಷಣ ಮುಗಿದು ಸಿಹಿ ಹಂಚುವಾಗಲೂ ಅವೇ ಸಾಲುಗಳು. ವಿವಿಧತೆ ಕಣ್ಣಿಗೆ ಕಾಣುತ್ತದೆ. ಏಕತೆ ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ನಾನು ಹೊರಗಿನಿಂದ ಕೇಳುತ್ತಿಲ್ಲ. ಈಗ ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಓದಿದ್ದು ಶಿವಾಜಿನಗರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮೀಡಿಯಂನಲ್ಲಿ. ಮನೆಮಾತು ದಖ್ನಿ. ನಮ್ಮ ಕಾಲೇಜಿನಲ್ಲಿ ನನ್ನಂತೆ ಸರ್ಕಾರಿ ಹೈಸ್ಕೂಲಿನಿಂದ ಬಂದವರು ಪ್ರತಿ ಸೆಕ್ಷನ್‌ನಲ್ಲೂ ಇದ್ದಾರೆ. ನಾನು ಹೇಳಬೇಕೆಂದಿರುವುದು ಇಷ್ಟೇ: ದಂಡು ಪ್ರದೇಶದ ಸರ್ಕಾರಿ ಹೈಸ್ಕೂಲು ನಮ್ಮ ಊರಿನ ಎಲ್ಲ ಜನರ ಮಕ್ಕಳನ್ನು ಒಂದೇ ಗೇಟಿನೊಳಗೆ ತರುತ್ತದೆ. ಆ ಕೆಲಸ ಬಹಳ ಶಾಲೆಗಳಿಂದ ಆಗುವುದಿಲ್ಲ. ಗೇಟಿನೊಳಗೆ ಬಂದವರನ್ನು ಒಂದೇ ಬೆಂಚಿಗೆ ತರುವ ಕೆಲಸ ಮಾತ್ರ ಬಾಕಿ ಉಳಿದಿದೆ. ಅದರಲ್ಲಿ ನಮ್ಮ ಕಾಲೇಜಿನ ಪಾಲೂ ಇದೆ.

ಬೀದಿ ಬೆರೆಸಿದ್ದು

ಇಷ್ಟು ಭಾಷೆಗಳು ಇಲ್ಲಿಗೆ ಬಂದದ್ದು ಹೇಗೆ ಎಂದು ಮೊದಲು ನೋಡೋಣ. ಬ್ರಿಟಿಷರು ಬೆಂಗಳೂರಿನಲ್ಲಿ ಕಂಟೋನ್ಮೆಂಟ್ ಕಟ್ಟಿದ್ದು 1809ರಲ್ಲಿ. ಮದ್ರಾಸು ಸೈನ್ಯದ ಜೊತೆ ತಮಿಳು, ತೆಲುಗು ಮಾತಾಡುವ ಸಿಪಾಯಿಗಳು ಬಂದರು. ಅವರ ಹಿಂದೆ ವ್ಯಾಪಾರಿಗಳು, ದರ್ಜಿಗಳು, ಕಂಟ್ರಾಕ್ಟರುಗಳು, ಕುದುರೆ ನೋಡಿಕೊಳ್ಳುವವರು, ಮನೆಗೆಲಸದವರು ಬಂದರು. ಉರ್ದು ಮಾತಾಡುವ ಕುಟುಂಬಗಳು ಬಂದು ನೆಲೆಸಿದವು. ಕಚ್ಛಿ ಮೇಮನ್ ವ್ಯಾಪಾರಿಗಳೂ ಬಂದರು. ಶಿವಾಜಿನಗರದ ಗೋಷಾ ಆಸ್ಪತ್ರೆಯನ್ನು 1925ರಲ್ಲಿ ಕಟ್ಟಿಸಿಕೊಟ್ಟ ಹಾಜಿ ಸರ್ ಇಸ್ಮಾಯಿಲ್ ಸೇಠ್ ಆ ಸಮುದಾಯದವರೇ. ಆಗ ಶಿವಾಜಿನಗರದ ಹೆಸರು ಬ್ಲಾಕ್‌ಪಳ್ಳಿ, ಕಾಮರಾಜ ರಸ್ತೆಯ ಹೆಸರು ಕ್ಯಾವಲ್ರಿ ರೋಡ್. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ವಾಪಸ್ಸಾದಾಗಲೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಪೇಟೆ ಮತ್ತು ದಂಡು ಎರಡೂ ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ. ಕಬ್ಬನ್ ಪಾರ್ಕಿನ ಆಚೆ ಕನ್ನಡದ ಬೆಂಗಳೂರು, ಈಚೆ ಹಲವು ಭಾಷೆಗಳ ಬೆಂಗಳೂರು ಎಂಬ ಮಾತಿಗೆ ಈ ಇತಿಹಾಸವೇ ಕಾರಣ.

ದಂಡಿನಲ್ಲಿ ಶಾಲೆಗಳಿಗೆ ಕೊರತೆ ಇರಲಿಲ್ಲ. ಬಿಷಪ್ ಕಾಟನ್ 1865ರದು, ಬಾಲ್ಡ್‌ವಿನ್ 1880ರದು. ಅವು ಶುರುವಾದದ್ದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ. ಬಡವರ ಮಕ್ಕಳ ಬಗ್ಗೆ ಯೋಚಿಸಿದವರೂ ಇದ್ದರು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರು 1873ರಲ್ಲಿ ಉಚಿತ ಶಾಲೆ ತೆರೆದರು. ಹಲಸೂರಿನ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳು ಬೆಳೆದದ್ದು ಅಲ್ಲಿಂದ. ಸ್ವಾತಂತ್ರ್ಯ ಬಂದ ಮೇಲೆ ಬಡವರ ಮಕ್ಕಳ ಭಾರ ಹೆಚ್ಚಾಗಿ ಸರ್ಕಾರಿ ಮತ್ತು ಪಾಲಿಕೆ ಶಾಲೆಗಳ ಮೇಲೆ ಬಿತ್ತು.

ಈಗ ಪೂರ್ವದ ಕಡೆ ಹೋದರೆ ಬೆರಕೆ ಇನ್ನೂ ಹೆಚ್ಚು. ಹಲಸೂರಿನಲ್ಲಿ ತಮಿಳು ಹಳೆಯದು. ಇಂದಿರಾನಗರದ ದೊಡ್ಡ ಮನೆಗಳ ಹಿಂದಿನ ಗಲ್ಲಿಗಳಲ್ಲಿ ಮನೆಗೆಲಸ, ಡ್ರೈವರ್ ಕೆಲಸ ಮಾಡುವವರ ಮಕ್ಕಳಿದ್ದಾರೆ. ಕೆ.ಆರ್. ಪುರದಿಂದ ಆಚೆ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು, ಒಡಿಶಾ, ಬಂಗಾಳ, ಬಿಹಾರ, ನೇಪಾಳದಿಂದ ಬಂದವರು ಇದ್ದಾರೆ. ಅವರ ಮಕ್ಕಳು ಓದುವುದು ಹತ್ತಿರದ ಸರ್ಕಾರಿ ಶಾಲೆಯಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಲ್ಲಿಂದ ಶಿವಾಜಿನಗರದವರೆಗೆ ಓದಲು ಬರುವ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ನಮ್ಮ ಕಾಲೇಜಿಗೆ ಬರುವವರಿಗೂ ಅಷ್ಟೇ.

ಬೀದಿಯಲ್ಲಿ ಈ ಜನ ಬೆರೆತೇ ಇದ್ದಾರೆ. ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವ ಭಾಯ್ ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ, ಹೂವು ಮಾರುವ ಅಮ್ಮ ದಖ್ನಿಯಲ್ಲಿ ಜಗಳ ಆಡುತ್ತಾರೆ. ಸೆಪ್ಟೆಂಬರ್ 8ರ ಸೇಂಟ್ ಮೇರಿ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ರಂಜಾನ್ ರಾತ್ರಿಗಳಲ್ಲಿ ಫ್ರೇಜರ್ ಟೌನಿನ ರಸ್ತೆಯಲ್ಲಿ ನಿಂತು ತಿನ್ನುವವರಲ್ಲಿ ಅರ್ಧಕ್ಕರ್ಧ ಉಪವಾಸ ಹಿಡಿಯದವರು! ನಾಲ್ಕು ಭಾಷೆ ಬರುವುದು ಇಲ್ಲಿ ಜಾಣತನದ ಗುರುತಲ್ಲ, ಹೊಟ್ಟೆಪಾಡಿಗೆ ಬೇಕಾದದ್ದು. ಹೀಗೆ ಬೀದಿ ಬೆರೆಸಿದ ಮಕ್ಕಳನ್ನು ಶಾಲೆ ಬೆಳಿಗ್ಗೆ ಗೇಟಿನಲ್ಲಿ ಮತ್ತೆ ಬೇರೆ ಬೇರೆ ಮಾಡುತ್ತದೆ. ನನಗೆ ಅರ್ಥವಾಗದಿರುವುದು ಇದು.

ಶಾಲೆ ಬೇರ್ಪಡಿಸಿದ್ದು

ನಾನು ಓದಿದ ಶಾಲೆಯಲ್ಲಿ ಮೂರು ಮೀಡಿಯಂಗೆ ಮೂರು ಮಹಡಿ. ಪ್ರಾರ್ಥನೆಗೆ ಮೂರು ಗುಂಪು. ಬಿಸಿಯೂಟಕ್ಕೆ ಮೂರು ಸಾಲು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಲೆಕ್ಕ ಇಡಲು ಅದು ಸುಲಭ. ಹಾಜರಿ ಪುಸ್ತಕ ಮೀಡಿಯಂ ಪ್ರಕಾರ, ಊಟದ ಲೆಕ್ಕ ಹಾಜರಿ ಪುಸ್ತಕದ ಪ್ರಕಾರ, ಆದ್ದರಿಂದ ತಟ್ಟೆ ಹಿಡಿದು ನಿಲ್ಲುವುದೂ ಮೀಡಿಯಂ ಪ್ರಕಾರ. ಇಡೀ ಶಾಲೆಯಲ್ಲಿ ಎಲ್ಲ ಮಕ್ಕಳ ಹೆಸರು ಗೊತ್ತಿದ್ದದ್ದು ಬಡಿಸುವ ಅಕ್ಕನಿಗೆ ಮಾತ್ರ. ಅವರು ಮೂರು ಸಾಲಿಗೂ ಅವರವರ ಭಾಷೆಯಲ್ಲೇ ಬೈಯುತ್ತಿದ್ದರು!

ನಮ್ಮ ಏರಿಯಾದಲ್ಲಿ ಮೀಡಿಯಂ ಎಂದರೆ ಬರೀ ಭಾಷೆಯಲ್ಲ, ಇದನ್ನು ಮರೆಯಬಾರದು. ಉರ್ದು ಮೀಡಿಯಂನಲ್ಲಿ ಕೂತವರು ಬಹುತೇಕ ಮುಸ್ಲಿಮರು. ತಮಿಳು ಮೀಡಿಯಂನಲ್ಲಿ ಬಹುತೇಕ ಹಿಂದೂಗಳು, ಕ್ರೈಸ್ತರು. ಕನ್ನಡ ಮೀಡಿಯಂನಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ. ಹಾಗಾಗಿ ಭಾಷೆಯ ಹೆಸರಿನಲ್ಲಿ ಎಳೆದ ಗೆರೆ ತಾನಾಗಿಯೇ ಧರ್ಮದ ಗೆರೆಯೂ ಆಗುತ್ತದೆ, ಗಲ್ಲಿಯ ಗೆರೆಯೂ ಆಗುತ್ತದೆ. ಹದಿಮೂರು ವರ್ಷದ ಹುಡುಗನಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎಂಟನೇ ತರಗತಿಯ ಮೊದಲ ವಾರದಲ್ಲೇ ‘ಅವರ ಮಹಡಿ’, ‘ನಮ್ಮ ಮಹಡಿ’ ಎಂಬ ಮಾತು ಬಾಯಿಗೆ ಬಂದಿರುತ್ತದೆ.

ಆಟದ ಮೈದಾನದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಕ್ರಿಕೆಟ್ ಮ್ಯಾಚ್ ಎಂದರೆ ಉರ್ದು ಮೀಡಿಯಂಗೂ ಕನ್ನಡ ಮೀಡಿಯಂಗೂ, ಇಲ್ಲವೇ ತಮಿಳು ಮೀಡಿಯಂಗೂ. ತಂಡ ಮಾಡಲು ಅದು ಸಲೀಸು. ಆದರೆ ಔಟೋ ನಾಟೌಟೋ ಎಂದು ಶುರುವಾದ ಜಗಳ ಯಾವ ಮಾತಿನಲ್ಲಿ ಮುಗಿಯುತ್ತಿತ್ತು ಎಂಬುದನ್ನು ಇಲ್ಲಿ ಬರೆಯಲಾರೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಶಾಲೆ ಈ ಗೆರೆಯನ್ನು ದಾಟಿತ್ತು. ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿ ಸ್ಪರ್ಧೆ ಇರುವುದು ನಿಮಗೆ ಗೊತ್ತು. ಒಂದು ವರ್ಷ ಹಾಡುವವರು ಉರ್ದು ಮೀಡಿಯಂನವರು ಸಿಕ್ಕರು, ಢೋಲಕ್ ಬಾರಿಸುವವರು ಸಿಗಲಿಲ್ಲ. ತಮಿಳು ಮೀಡಿಯಂನ ಒಬ್ಬ ಹುಡುಗ ಚರ್ಚಿನಲ್ಲಿ ಬಾರಿಸಲು ಕಲಿತಿದ್ದ. ಅವನನ್ನು ಕರೆದರು. ಚಪ್ಪಾಳೆ ತಟ್ಟಲು ನಾವು ಕನ್ನಡ ಮೀಡಿಯಂನ ಇಬ್ಬರು ಸೇರಿದೆವು. ಮೂರು ವಾರ ಸಂಜೆ ಅಭ್ಯಾಸ ಮಾಡಿದೆವು. ಬಹುಮಾನ ಬರಲಿಲ್ಲ. ಆದರೆ ಹೈಸ್ಕೂಲು ಬಿಟ್ಟ ಮೇಲೂ ನನಗೆ ಫೋನ್ ಮಾಡುವ ಬೇರೆ ಮೀಡಿಯಂನ ಗೆಳೆಯರು ಅದೇ ತಂಡದವರು, ಬೇರೆ ಯಾರೂ ಅಲ್ಲ. ಮೂರು ವರ್ಷ ಒಂದೇ ಕಾಂಪೌಂಡಿನಲ್ಲಿ ಇದ್ದು ಆಗದ್ದು ಮೂರು ವಾರದಲ್ಲಿ ಆಯಿತು.

ಅಧ್ಯಯನಗಳು ಹೇಳುವುದು

ಇದು ನನ್ನೊಬ್ಬನ ಅನುಭವ ಎಂದು ಯಾರಾದರೂ ತಳ್ಳಿಹಾಕಬಹುದು. ಅದಕ್ಕೆ ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ ಎರಡು ಅಧ್ಯಯನಗಳನ್ನು ಹೇಳುತ್ತೇನೆ.

ಮೊದಲನೆಯದು ಉತ್ತರ ಪ್ರದೇಶದ್ದು. ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಯುವಕರಿಗೆ ಕ್ರಿಕೆಟ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಬೇರೆ ಬೇರೆ ಜಾತಿಯವರನ್ನು ಬೆರೆಸಿದರು, ಕೆಲವು ತಂಡಗಳನ್ನು ಒಂದೇ ಜಾತಿಯವರಿಂದ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೇ ತಂಡದಲ್ಲಿ ಜೊತೆಯಾಗಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು. ಎದುರಾಳಿ ತಂಡದಲ್ಲಿ ಬೇರೆ ಜಾತಿಯವರನ್ನು ಹೆಚ್ಚಾಗಿ ಎದುರಿಸಿದವರಲ್ಲಿ ಆ ಲಾಭ ಕಾಣಲಿಲ್ಲ, ಬದಲಿಗೆ ಹಿನ್ನಡೆಯೇ ಆಯಿತು. ಅಂದರೆ ಬೇರೆಯವರ ಮುಖ ದಿನಾ ನೋಡುವುದು ಸಾಲದು. ಯಾವ ಕಡೆ ನಿಂತು ನೋಡುತ್ತೇವೆ ಎಂಬುದು ಮುಖ್ಯ. ಉರ್ದು ಮೀಡಿಯಂ, ಕನ್ನಡ ಮೀಡಿಯಂ ಎಂದು ಮ್ಯಾಚ್ ಆಡಿಸುವ ಪ್ರತಿ ಶಾಲೆಯೂ ಇದನ್ನು ಒಮ್ಮೆ ಯೋಚಿಸಬೇಕು.

ಎರಡನೆಯದು ದೆಹಲಿಯದು. ಅಲ್ಲಿ 2007ರಿಂದ ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಉಚಿತ ಸೀಟು ಕೊಡಬೇಕಾಯಿತು. ಗೌತಮ್ ರಾವ್ ಅವರು ಆ ಶಾಲೆಗಳ ಶ್ರೀಮಂತ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಬರೆದರು. ಬಡ ಸಹಪಾಠಿಗಳ ಜೊತೆ ಓದಿದವರು ಹೆಚ್ಚು ಉದಾರಿಗಳಾಗಿದ್ದರು, ಬಡವರನ್ನು ತಂಡಕ್ಕೆ ಸೇರಿಸಿಕೊಳ್ಳಲು ಹಿಂಜರಿಯುವುದು ಕಡಿಮೆಯಾಗಿತ್ತು. ಅಂಕಗಳ ಮೇಲೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಇದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಕೆಲವು ಶಾಲೆಗಳಲ್ಲಿ ಸ್ಟಡಿ ಗ್ರೂಪುಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಮಾಡಿದ್ದರು. ಆ ಕಾರಣಕ್ಕೆ ಬಡ ಮಗುವಿನ ಜೊತೆ ಒಂದೇ ಗ್ರೂಪಿಗೆ ಬಿದ್ದವರಲ್ಲಿ ಬದಲಾವಣೆ ಹೆಚ್ಚು ಕಂಡಿತು. ಭಾಷಣ ಬೇಕಾಗಲಿಲ್ಲ, ಅಕ್ಷರಮಾಲೆ ಸಾಕಾಯಿತು.

ಇನ್ನೂ ಹಳೆಯ ಉದಾಹರಣೆ ಅಮೆರಿಕದ್ದು. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ತರಗತಿಗೆ ಸೇರಿಸಿದಾಗ ಹೊಡೆದಾಟವಾಯಿತು. ಎಲಿಯಟ್ ಆರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಪಾಠವನ್ನು ಐದಾರು ತುಂಡು ಮಾಡಿ, ಬೆರಕೆ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಉಳಿದವರು ಹೇಳುವುದನ್ನು ಕೇಳದೆ ಯಾರಿಗೂ ಪೂರ್ತಿ ಪಾಠ ಸಿಗುವಂತಿರಲಿಲ್ಲ. ನಮ್ಮ ಕವ್ವಾಲಿ ತಂಡದಲ್ಲಿ ಆದದ್ದೂ ಇದೇ. ಢೋಲಕ್ ಇಲ್ಲದೆ ಹಾಡು ಏಳುವುದಿಲ್ಲ.

ಮೀಡಿಯಂ ಮುಚ್ಚಬೇಕೆಂದು ಹೇಳುತ್ತಿಲ್ಲ

ಇಲ್ಲಿಗೆ ಬಂದಾಗ ಒಂದು ಅನುಮಾನ ಏಳುವುದು ಸಹಜ. ಹಾಗಾದರೆ ಉರ್ದು, ತಮಿಳು ಮೀಡಿಯಂ ತೆಗೆದು ಎಲ್ಲರನ್ನೂ ಒಂದೇ ಭಾಷೆಗೆ ತಳ್ಳಬೇಕೆ? ಖಂಡಿತ ಬೇಡ. ಮಗು ಮೊದಲು ತನ್ನ ಮಾತಿನಲ್ಲಿ ಕಲಿಯಬೇಕು ಎಂಬುದು ಸರಿಯಾದ ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸಿಗಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಆ ಹಕ್ಕನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ.

ಹೇಳುತ್ತಿರುವುದು ಬೇರೆ. ಸಮಾಜ ವಿಜ್ಞಾನದ ಪಾಠಕ್ಕೆ ಮೀಡಿಯಂ ಬೇಕು. ಅನ್ನ ಸಾರಿಗೆ ಯಾವ ಮೀಡಿಯಂ? ಖೋ-ಖೋಗೆ ಯಾವ ಮೀಡಿಯಂ? ಪ್ರಾರ್ಥನೆ, ಊಟ, ಪಿಟಿ, ಡ್ರಾಯಿಂಗ್, ಲ್ಯಾಬು, ಗಿಡ ನೆಡುವುದು, ವಾರ್ಷಿಕೋತ್ಸವ, ಪ್ರವಾಸದ ಬಸ್ಸು, ಇವೆಲ್ಲವನ್ನೂ ಬೆರೆಸಿ ಮಾಡಬಹುದು. ಸರ್ಕಾರದ ಆದೇಶವಾಗಲಿ ಅನುದಾನವಾಗಲಿ ಇದಕ್ಕೆ ಬೇಕಿಲ್ಲ. ಹೆಡ್‌ಮಾಸ್ಟರು ಮತ್ತು ಪಿಟಿ ಮೇಷ್ಟ್ರು ಕೂತು ಮಾತಾಡಿದರೆ ಒಂದು ದಿನದ ಕೆಲಸ.

ಭಾಷೆಗಳು ನಾವು ಅಂದುಕೊಂಡಷ್ಟು ದೂರವೂ ಇಲ್ಲ. ಹತ್ತನೇ ತರಗತಿಯ ಜೀವಶಾಸ್ತ್ರದಿಂದ ಒಂದೇ ಪದ ತೆಗೆದುಕೊಳ್ಳಿ. ನಮಗೆ ‘ದ್ಯುತಿಸಂಶ್ಲೇಷಣೆ’. ಉರ್ದು ಮೀಡಿಯಂನವರಿಗೆ ‘ಜಿಯಾಯೀ ತಾಲೀಫ್’. ತಮಿಳು ಮೀಡಿಯಂನವರಿಗೆ ‘ಒಳಿಚ್ಚೇರ್ಕೈ’. ಮೂರೂ ಬೇರೆ ಬೇರೆ ಪಾಠ ಎಂದು ನಾನು ಹೈಸ್ಕೂಲಿನಲ್ಲಿ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ! ದ್ಯುತಿ, ಜಿಯಾ, ಒಳಿ ಮೂರೂ ಬೆಳಕೇ. ಸಂಶ್ಲೇಷಣೆ, ತಾಲೀಫ್, ಚೇರ್ಕೈ ಮೂರೂ ಜೋಡಿಸುವುದೇ. ಪಿಯುಸಿಗೆ ಬಂದು ಕೇಳುವ ‘ಫೋಟೋಸಿಂಥೆಸಿಸ್’ನಲ್ಲಿ ಇರುವುದೂ ಅದೇ ಅರ್ಥ. ಮೂವರು ಮಕ್ಕಳನ್ನು ಒಂದು ಲ್ಯಾಬ್ ಮೇಜಿನ ಮುಂದೆ ನಿಲ್ಲಿಸಿ ಇದನ್ನು ಹೇಳಿಕೊಟ್ಟಿದ್ದರೆ ಮೂವರಿಗೂ ಆ ಪದದ ಭಯ ಹೋಗುತ್ತಿತ್ತು.

ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆಯೂ ಬೇಕು. ನಮ್ಮ ರಾಜ್ಯದಲ್ಲಿ ಅದು ಕನ್ನಡ. ಕನ್ನಡ ಕಲಿಕಾ ಕಾಯ್ದೆ 2015ರಲ್ಲಿ ಬಂದಿದೆ. ಕಾಯ್ದೆ ಬಂದ ಮಾತ್ರಕ್ಕೆ ಕನ್ನಡ ಬರುವುದಿಲ್ಲ. ಉರ್ದು ಮೀಡಿಯಂನ ನನ್ನ ಗೆಳೆಯರು ಕನ್ನಡ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದರು, ಆದರೆ ಪೊಲೀಸ್ ಸ್ಟೇಷನ್ನಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಒಂದು ಅರ್ಜಿ ಬರೆಯಲು ಹೆದರುತ್ತಿದ್ದರು. ಜೊತೆಯಲ್ಲಿ ಕೂತು ಮಾತಾಡುವ ಗೆಳೆಯನಿಲ್ಲದೆ ಪುಸ್ತಕದಿಂದ ಮಾತ್ರ ಬಂದ ಭಾಷೆ ಪರೀಕ್ಷೆಯ ಮಾರನೇ ದಿನ ಹೊರಟುಹೋಗುತ್ತದೆ.

ಕನ್ನಡ ಯಾರೊಬ್ಬರ ಮನೆಯ ಸ್ವತ್ತಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ದೇವನಹಳ್ಳಿಯ ನಿಸಾರ್ ಅಹಮದರು, ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರು ಕನ್ನಡದ ದೊಡ್ಡ ಹೆಸರುಗಳು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಬಾಲ್ಯದ ಸಂಗತಿ ನಮಗೆಲ್ಲ ಪಾಠದಂತಿದೆ. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಒಂದು ಕನ್ನಡ ಮಿಷನರಿ ಶಾಲೆಗೆ ಸೇರಿಸಿಕೊಳ್ಳುವಾಗ ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಕೆಲವೇ ದಿನಗಳಲ್ಲಿ ಅವರು ಬರೆಯಲು ಶುರುಮಾಡಿದರು. ಒಂದು ಶಾಲೆ ಬಾಗಿಲು ತೆರೆಯಿತು, ಒಂದು ಮಗು ಬೇರೆ ಭಾಷೆಯ ಮಕ್ಕಳ ನಡುವೆ ಕೂತಿತು. ಅದರಿಂದ ಕನ್ನಡಕ್ಕೇ ಲಾಭವಾಯಿತು.

ಬಿಟ್ಟು ಹೋದವರು

ಸರ್ಕಾರಿ ಶಾಲೆಯ ಬಗ್ಗೆ ಬರೆಯುವಾಗ ಅಲ್ಲಿ ಇಲ್ಲದವರ ಬಗ್ಗೆಯೂ ಬರೆಯಬೇಕು. ಸ್ವಲ್ಪ ಅನುಕೂಲವಿದ್ದವರೆಲ್ಲ ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ತಪ್ಪು ಅವರದಲ್ಲ, ಮಕ್ಕಳಿಗೆ ಇಂಗ್ಲಿಷ್ ಬರಬೇಕೆಂಬುದು ಎಲ್ಲ ತಂದೆತಾಯಿಯರ ಆಸೆ. ಸರ್ಕಾರವೂ 2019ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ತೆರೆಯುತ್ತಿರುವುದು ಅದಕ್ಕೇ. ಆದರೆ ಪ್ರಶ್ನೆ ಕೇಳಬಲ್ಲ ಪೋಷಕರು ಹೊರಟುಹೋದ ಮೇಲೆ ಶಾಲೆಯ ಸೂರು ಸೋರಿದರೆ ಕೇಳುವವರು ಯಾರು?

ಆಗ ಶಾಲೆ ದಾನಿಗಳ ದಾರಿ ನೋಡಬೇಕಾಗುತ್ತದೆ. ಶಿವಾಜಿನಗರದ ವಿ.ಕೆ. ಒಬೇದುಲ್ಲಾ ಸರ್ಕಾರಿ ಶಾಲೆಯ ಕಥೆ ನಮ್ಮ ಏರಿಯಾದವರಿಗೆಲ್ಲ ಗೊತ್ತು. ಐಎಂಎ ಎಂಬ ಹೂಡಿಕೆ ಕಂಪನಿ ಅದನ್ನು ದತ್ತು ತೆಗೆದುಕೊಂಡು ಹೊಸ ಕಟ್ಟಡ ಕಟ್ಟಿಸಿತು, ಹೆಚ್ಚುವರಿ ಶಿಕ್ಷಕರಿಗೆ ಸಂಬಳ ಕೊಟ್ಟಿತು. ಶಾಲೆಗೆ ಮಕ್ಕಳು ಹೆಚ್ಚಿದರು. 2019ರ ಜೂನ್‌ನಲ್ಲಿ ಕಂಪನಿ ಕುಸಿಯಿತು. ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು, ಅದರ ಜೊತೆಗೆ ಆ ಶಿಕ್ಷಕರ ಸಂಬಳವೂ ನಿಂತಿತು. ಮನೆಯ ದುಡ್ಡೂ ಶಾಲೆಯ ಭರವಸೆಯೂ ಒಂದೇ ತಿಂಗಳಲ್ಲಿ ಕಳೆದುಕೊಂಡ ಗಲ್ಲಿ ನಮ್ಮದು. ಇದರಿಂದ ನಾನು ಕಲಿತದ್ದು: ಸರ್ಕಾರಿ ಶಾಲೆಗೆ ದಾನ ಬಂದರೆ ಒಳ್ಳೆಯದು, ಆದರೆ ಶಿಕ್ಷಕರ ಸಂಬಳ ದಾನದ ಮೇಲೆ ನಿಲ್ಲಬಾರದು. ದಾನಿ ಹೋಗಬಹುದು. ಓದಿಹೋದ ವಿದ್ಯಾರ್ಥಿಗಳು ಮತ್ತು ಅಕ್ಕಪಕ್ಕದ ಜನ ಶಾಲೆಯನ್ನು ತಮ್ಮದೆಂದು ತಿಳಿದು ಬೆನ್ನಿಗೆ ನಿಂತರೆ ಮಾತ್ರ ಸರ್ಕಾರ ಅದನ್ನು ಮರೆಯಲಾರದು. ಬೇರೆ ಬೇರೆ ಸಮುದಾಯದವರು ಒಟ್ಟಾಗಿ ಕೇಳಿದರೆ ಆ ದನಿಗೆ ಬಲ ಬರುತ್ತದೆ. ಒಟ್ಟಾಗಿ ಕೇಳಬೇಕಾದರೆ ಅವರ ಮಕ್ಕಳು ಮೊದಲು ಒಟ್ಟಾಗಿ ಕೂತಿರಬೇಕು.

ಒಂದು ಕಷ್ಟದ ಮಾತು

ಇದನ್ನು ಓದುವ ಗೆಳತಿಯರು ಕೆಲವರು ಕೇಳಬಹುದು: “ನೀನು ಹೇಳುವುದು ಚೆನ್ನಾಗಿದೆ, 2022ರಲ್ಲಿ ಆದದ್ದು ಮರೆತೆಯಾ?” ಮರೆತಿಲ್ಲ. ಆ ಫೆಬ್ರವರಿಯಲ್ಲಿ ಹಿಜಾಬ್ ಕಾರಣಕ್ಕೆ ಕೆಲವು ಕಾಲೇಜುಗಳ ಗೇಟಿನ ಹೊರಗೆ ಹುಡುಗಿಯರು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ನಂತರ ಎಷ್ಟೋ ಮನೆಗಳಲ್ಲಿ “ನಮ್ಮವರ ಕಾಲೇಜಿಗೇ ಕಳಿಸೋಣ” ಎಂಬ ತೀರ್ಮಾನವಾಯಿತು. ನಮ್ಮ ಕಾಲೇಜು ಅಂಥವರಿಗೆ ನೆರಳಾಗಿದೆ. ಅದರ ಬೆಲೆ ನನಗೆ ಗೊತ್ತು.

ಆದರೂ ಹೇಳುತ್ತೇನೆ. ಆ ದಿನಗಳಲ್ಲಿ ಕೇಸರಿ ಶಾಲು ಹಾಕಿ ಕೂಗಿದವರೂ ವಿದ್ಯಾರ್ಥಿಗಳೇ, ಗೇಟಿನ ಹೊರಗೆ ನಿಂತವರೂ ವಿದ್ಯಾರ್ಥಿಗಳೇ. ಇಬ್ಬರೂ ಹತ್ತನೇ ತರಗತಿವರೆಗೆ ಒಂದೇ ಬೆಂಚಿನಲ್ಲಿ ಕೂತು, ಒಂದೇ ತಂಡದಲ್ಲಿ ಆಡಿ ಬೆಳೆದಿದ್ದರೆ ಕೂಗುವ ಬಾಯಿ ಸ್ವಲ್ಪವಾದರೂ ತಡವರಿಸುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಕಾನೂನಿನ ಪ್ರಶ್ನೆಗೆ ಕೋರ್ಟು ಉತ್ತರ ಕೊಡಲಿ. ಪಕ್ಕದಲ್ಲಿ ಕೂತವಳ ಹೆಸರು ಗೊತ್ತಿಲ್ಲ ಎಂಬ ಸಮಸ್ಯೆಯನ್ನು ಯಾವ ಕೋರ್ಟೂ ಬಗೆಹರಿಸಲಾರದು. ಅದು ಶಾಲೆಯ ಕೆಲಸ. ನೆರಳು ಬೇಕು, ಆದರೆ ಬದುಕಿನುದ್ದಕ್ಕೂ ನೆರಳಿನಲ್ಲೇ ಇರಲು ಆಗುವುದಿಲ್ಲ. ನಾಳೆ ಡಿಗ್ರಿ, ಆಮೇಲೆ ಕೆಲಸ, ಎಲ್ಲೆಡೆ ಎಲ್ಲರೂ ಇರುತ್ತಾರೆ.

ನಾವು ಏನು ಮಾಡಬಹುದು

ಸಂವಿಧಾನದ 30ನೇ ವಿಧಿ ನಮ್ಮಂಥ ಸಮುದಾಯಗಳಿಗೆ ತಮ್ಮ ವಿದ್ಯಾಸಂಸ್ಥೆಯನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕು ಬಾಗಿಲು ಹಾಕಿಕೊಳ್ಳಲು ಕೊಟ್ಟದ್ದಲ್ಲ. ನಮ್ಮ ಕಾಲೇಜಿನಲ್ಲೂ ಬೇರೆ ಸಮುದಾಯದ ಸಹಪಾಠಿಗಳಿದ್ದಾರೆ, ಉಪನ್ಯಾಸಕರಿದ್ದಾರೆ. ಅವರು ಇಲ್ಲಿ ಅತಿಥಿಗಳಲ್ಲ, ಮನೆಯವರು. ಹಾಗಿದ್ದರೂ ಕ್ಯಾಂಟೀನಿನಲ್ಲಿ ನಾವು ಕೂರುವ ರೀತಿ ನೋಡಿದರೆ ಹೈಸ್ಕೂಲಿನ ಸಾಲುಗಳು ಇಲ್ಲಿಯವರೆಗೂ ಬಂದಿವೆ ಅನ್ನಿಸುತ್ತದೆ. ಆದ್ದರಿಂದ ಪ್ರಾಂಶುಪಾಲರು, ಉಪನ್ಯಾಸಕರು ಮತ್ತು ಸಹಪಾಠಿಗಳ ಮುಂದೆ ನಾಲ್ಕು ಸಲಹೆ ಇಡುತ್ತೇನೆ.

ಒಂದು, ಪ್ರಥಮ ಪಿಯುಸಿಯ ಲ್ಯಾಬ್ 
ಬ್ಯಾಚು, ಪ್ರಾಜೆಕ್ಟ್ ಗುಂಪುಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಮಾಡಿ. ಯಾರ ಜೊತೆ ಯಾರು ಎಂಬುದನ್ನು ನಮ್ಮ ಆಯ್ಕೆಗೆ ಬಿಟ್ಟರೆ ನಾವು ಹಳೆಯ ಸಾಲಿಗೇ ಹೋಗಿ ನಿಲ್ಲುತ್ತೇವೆ.

ಎರಡು, ಹೊಸಬರಿಗೆ ಮೊದಲ ತಿಂಗಳು ಸೇತುಬಂಧ ತರಗತಿ ಇರಲಿ. ಉರ್ದು, ಕನ್ನಡ, ತಮಿಳು ಮೀಡಿಯಂನಿಂದ ಬಂದವರಿಗೆ ಇಂಗ್ಲಿಷ್ ಪಾಠ ಒಮ್ಮೆಲೇ ಗೋಡೆಯಂತೆ ಎದುರಾಗುತ್ತದೆ. ದ್ವಿತೀಯ ಪಿಯುಸಿಯ ನಾವೇ ಸೇರಿ ವಿಜ್ಞಾನ, ವಾಣಿಜ್ಯ, ಕಲಾ ವಿಷಯಗಳ ಮುಖ್ಯ ಪದಗಳನ್ನು ನಾಲ್ಕು ಭಾಷೆಯಲ್ಲಿ ಬರೆದ ಒಂದು ಪುಟ್ಟ ಪುಸ್ತಕ ಮಾಡಬಹುದು. ಅದನ್ನು ಬರೆಯಲು ಎಲ್ಲ ಮೀಡಿಯಂನವರೂ ಬೇಕು. ಯಾರೊಬ್ಬರಿಂದಲೂ ಆಗುವ ಕೆಲಸವಲ್ಲ ಎಂಬುದೇ ಅದರ ಲಾಭ.

ಮೂರು, ಹತ್ತಿರದ ಸರ್ಕಾರಿ ಹೈಸ್ಕೂಲುಗಳ ಮಕ್ಕಳನ್ನು ವರ್ಷಕ್ಕೊಮ್ಮೆ ನಮ್ಮ ಕ್ರೀಡಾಕೂಟಕ್ಕೆ ಕರೆಯಿರಿ. ಆದರೆ ಶಾಲೆಗೊಂದು ತಂಡ, ಮೀಡಿಯಂಗೊಂದು ತಂಡ ಬೇಡ. ಚೀಟಿ ಎತ್ತಿ ಬೆರಕೆ ತಂಡ ಮಾಡಿ. ನಮ್ಮ ಕಾಲೇಜಿನ ಇಬ್ಬರು ಪ್ರತಿ ತಂಡದಲ್ಲೂ ಇರಲಿ.

ನಾಲ್ಕನೆಯದು ಸರ್ಕಾರಿ ಶಾಲೆಯಿಂದ ಬಂದ ನನ್ನಂಥವರಿಗೆ. ನಾವು ಓದಿದ ಶಾಲೆಯ ಹೆಸರು ಹೇಳಲು ನಾಚುವುದು ಬಿಡೋಣ. ತಿಂಗಳಿಗೊಂದು ಶನಿವಾರ ಆ ಶಾಲೆಗೆ ಹೋಗಿ ಒಂದು ಗಂಟೆ ಗಣಿತವನ್ನೋ ಕನ್ನಡವನ್ನೋ ಹೇಳಿಕೊಡೋಣ. ಹೋಗುವಾಗ ಒಂದೇ ಮೀಡಿಯಂನವರು ಹೋಗದೆ ಬೇರೆ ಬೇರೆ ಮೀಡಿಯಂನ ಮೂವರು ಜೊತೆಯಾಗಿ ಹೋಗೋಣ. ಅಲ್ಲಿನ ಎಂಟನೇ ತರಗತಿಯ ಮಕ್ಕಳು ನಮ್ಮ ಪಾಠಕ್ಕಿಂತ ನಮ್ಮ ಜೊತೆಗಾರಿಕೆಯನ್ನು ಹೆಚ್ಚು ಗಮನಿಸುತ್ತಾರೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಪದಗಳ ಪುಸ್ತಕಕ್ಕೆ ಕನ್ನಡದ ಪಟ್ಟಿಯನ್ನು ನಾನು ಶುರುಮಾಡಿದ್ದೇನೆ, ಜೀವಶಾಸ್ತ್ರ ಮತ್ತು ಅರ್ಥಶಾಸ್ತ್ರದಿಂದ ನೂರು ಪದ ಆಗಿದೆ. ಉರ್ದುವಿಗೆ ಇಬ್ಬರು ಒಪ್ಪಿದ್ದಾರೆ. ತಮಿಳಿಗೆ ಇನ್ನೂ ಯಾರೂ ಸಿಕ್ಕಿಲ್ಲ. ತಮಿಳು ಮೀಡಿಯಂನಲ್ಲಿ ಓದಿ ಬಂದವರು ನಮ್ಮ ಕಾಲೇಜಿನಲ್ಲಿ ಖಂಡಿತ ಇದ್ದೀರಿ. ದಯವಿಟ್ಟು ಲೈಬ್ರರಿಯಲ್ಲಿ ಬಂದು ಹೇಳಿ. ಗುರುವಾರ ಕೊನೆಯ ಪೀರಿಯಡ್ ಆದ ಮೇಲೆ ನಾವು ಅಲ್ಲೇ ಕೂತಿರುತ್ತೇವೆ.